ಕಾಂಡೀರ: ಕೊತ್ತಂಬರಿಯೆಂದು ಮೋಸಹೋಗದಿರೋಣ

ಮಾಘ, ಫಾಲ್ಗುಣ ಮಾಸಗಳಲ್ಲಿ ಕಾಶಿಯಾತ್ರೆ ಕೈಗೊಳ್ಳುವ ಭಕ್ತರು ಗಂಗಾ ಬಯಲಿನ ಕೆರೆ, ಕಾಲುವೆ, ಜೌಗು ನೆಲಗಳ ಅಂಚಿನಲ್ಲಿ ಹಳದಿ ಹೂವಿನ ಪುಟ್ಟ ಸಸ್ಯವೊಂದನ್ನು ಕಾಣಬಹುದು. ಹಿಂದಿಯಲ್ಲಿ ಇದನ್ನು ‘ಜಲಧನಿಯಾ’, ಅಂದರೆ ನೀರುಕೊತ್ತಂಬರಿ ಎನ್ನುವರು. ಆಯುರ್ವೇದದ ‘ಕಾಂಡೀರ’ವು ಇದೇ ಎಂಬುದು ಹಲವು ವಿದ್ವಾಂಸರ ಮತ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ರನನ್‌ಕ್ಯುಲಸ್ ಸೆಲೆರೇಟಸ್.

ಇದರ ದಂಟು ನುಣುಪು, ಒಳಗೆ ಟೊಳ್ಳು. ಕೆಳಗಿನ ಎಲೆಗಳು ಮೂರು ಭಾಗವಾಗಿ ಸೀಳಿರುತ್ತವೆ, ಮೇಲಿನವು ಕಿರಿದು. ಹೂವಿನ ಅಗಲ ಸುಮಾರು 1 ಸೆಂ.ಮೀ. ಅಥವಾ ಅದಕ್ಕಿಂತ ಕಡಿಮೆ; ಹೊಳೆಯುವ ಎಸಳುಗಳು ಸಾಮಾನ್ಯವಾಗಿ 5. ನಡುವಿನ ಹಸಿರು ಗುಬುಟು ಕ್ರಮೇಣ ಉದ್ದವಾಗಿ, ಸಣ್ಣ ಕಾಯಿಗಳಿಂದ ತುಂಬುತ್ತದೆ. ಕೊತ್ತಂಬರಿಯ ಹೂವಾದರೋ ಬಿಳಿ ಇಲ್ಲವೆ ನಸುಗೆಂಪು, ಕೊಡೆಯಾಕಾರದ ಗೊಂಚಲು, ಎಲೆಗೆ ಪರಿಮಳವುಂಟು. ಕಾಂಡೀರಕ್ಕೆ ಆ ಪರಿಮಳವಿಲ್ಲ.

ಹಸಿ ಸಸ್ಯವನ್ನು ಜಜ್ಜಿದೊಡನೆ ಪ್ರೊಟೊಅನಿಮೋನಿನ್ ಎಂಬ ವಿಷಾಂಶ ಹುಟ್ಟುತ್ತದೆ. ಅದು ತಗುಲಿದ ಚರ್ಮದಲ್ಲಿ ಉರಿ, ಬೊಕ್ಕೆಗಳೇಳುವವು. ತಿಂದರೆ ಬಾಯಿ, ಹೊಟ್ಟೆ ಉರಿದು ವಾಂತಿಭೇದಿಯಾಗುವುದು. ಒಣಗಿದಾಗ ಈ ತೀಕ್ಷ್ಣತೆ ಬಹುಮಟ್ಟಿಗೆ ತಗ್ಗುತ್ತದೆ. ಆದರೂ ಮನೆಮದ್ದಿಗೆ ಇದು ಸಲ್ಲದು. ಕೀಲುನೋವಿಗೆಂದು ಹಸಿ ಎಲೆಯನ್ನು ಅರೆದು ಕಟ್ಟಿದರೆ ನೋವಿನ ಮೇಲೆ ಸುಟ್ಟಗಾಯವೂ ಸೇರೀತು.

ರಸ ತಗುಲಿದರೆ ಉಜ್ಜದೆ ತಣ್ಣೀರಿನಿಂದ ಚೆನ್ನಾಗಿ ತೊಳೆಯಬೇಕು. ತಿಂದಿದ್ದಲ್ಲಿ ಬಾಯಿ ಮುಕ್ಕಳಿಸಿ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬಲವಂತವಾಗಿ ವಾಂತಿ ಮಾಡಿಸಬಾರದು.

ಗಿಡಮೂಲಿಕೆಯೆಲ್ಲವೂ ನಿರಪಾಯವೆಂಬ ನಂಬಿಕೆಯನ್ನು ನಾವು ಬಿಡಬೇಕು. ಗುರುತು ಖಚಿತವಾಗದ ಸೊಪ್ಪನ್ನು ಕೀಳದಿರುವುದೇ ಕ್ಷೇಮ.