ಲೆಕ್ಕದಿಂದ ತೆಗೆಸಿದ ಗೋಲು

2012ನೆಯ ಇಸವಿ ಸೆಪ್ಟೆಂಬರ್ 26ರಂದು ಇಟಲಿಯ ನೇಪಲ್ಸ್ ನಗರದಲ್ಲಿ ಆ ಊರಿನ ನಾಪೋಲಿ ತಂಡಕ್ಕೂ ರೋಮಿನ ಲಾಜಿಯೋ ತಂಡಕ್ಕೂ ಕಾಲ್ಚೆಂಡಿನ ಪಂದ್ಯ ನಡೆಯಿತು. ಆಟವು ಆರಂಭವಾಗಿ ಕೆಲವೇ ನಿಮಿಷಗಳು ಕಳೆದಿದ್ದುವು. ಮೂಲೆಯಿಂದ ಹೊಡೆದ ಚೆಂಡು ಗೋಲಿನ ಮುಂದಣ ನೂಕುನುಗ್ಗಲಿನಲ್ಲಿ ಲಾಜಿಯೋದ ಮುಂಚೂಣಿಯ ಆಟಗಾರರಾದ ಮಿರೋಸ್ಲಾವ್ ಕ್ಲೋಸೆಯವರ ಕೈಗೆ ತಾಗಿ ಬಲೆಯೊಳಕ್ಕೆ ಹೋಯಿತು. ತೀರ್ಪುಗಾರನು ಗೋಲೆಂದು ಸಾರಿದನು. ನಾಪೋಲಿಯವರು ಅವನನ್ನು ಮುತ್ತಿಕೊಂಡು ಆಕ್ಷೇಪಿಸಿದರು. ಅಷ್ಟರಲ್ಲಿ ಕ್ಲೋಸೆಯವರು ತಾವೇ, ಚೆಂಡು ಕೈಗೆ ತಾಗಿದ್ದು ನಿಜವೆಂದು ಒಪ್ಪಿಕೊಂಡರು. ಗೋಲು ರದ್ದಾಯಿತು. ಎದುರಾಳಿಗಳು ಬಂದು ಅವರ ಬೆನ್ನು ತಟ್ಟಿದರು.

ಇದು ಸಣ್ಣ ಸಂಗತಿಯೆಂದು ವಾಚಕರಲ್ಲಿ ಕೆಲವರಿಗೆ ತೋರಬಹುದು. ನಮಗೆ ಹಾಗೆ ತೋರುವುದಿಲ್ಲ. ಗೋಲು ಹೊಡೆಯುವುದೇ ಯಾರ ಜೀವನೋಪಾಯವೋ, ಗೋಲುಗಳ ಎಣಿಕೆಯಿಂದಲೇ ಯಾರ ಕೀರ್ತಿಯನ್ನು ಜಗತ್ತು ಅಳೆಯುವುದೋ ಅಂಥವರು, ತಮಗೆ ಸಂದ ಗೋಲೊಂದನ್ನು ತಮ್ಮ ಬಾಯಿಂದಲೇ ಕಳೆದುಕೊಂಡರು. ಇಟಲಿಯ ಪ್ರಧಾನ ಲೀಗಿನಲ್ಲಿ ತೀರ್ಪುಗಾರರಿಗೆ ವಿಡಿಯೋದ ನೆರವು ದೊರೆತದ್ದು 2017ರಲ್ಲಿ. ಆ ದಿನ ಅಲ್ಲಿದ್ದ ಸಾಕ್ಷಿಗಳಲ್ಲಿ ತೀರ್ಪುಗಾರನು ನಂಬಬಹುದಾಗಿದ್ದುದು ಕೈ ತಾಗಿಸಿದವರ ಮಾತೊಂದನ್ನೇ.

ಕ್ಲೋಸೆಯವರು ಹುಟ್ಟಿದ್ದು 1978ರಲ್ಲಿ, ಪೋಲೆಂಡಿನ ಓಪೋಲೆ ಎಂಬ ಊರಿನಲ್ಲಿ. 1945ರವರೆಗೆ ಜರ್ಮನಿಗೆ ಸೇರಿದ್ದ ಈ ಊರು ಯುದ್ಧಾನಂತರ ಎಲ್ಲೆಗಳು ಸರಿದಾಗ ಪೋಲೆಂಡಿನ ಪಾಲಾಯಿತು. ತಂದೆಯು ಫ್ರಾನ್ಸಿನ ಓಸೇರ್ ತಂಡದಲ್ಲಿ ಆಡಿದ ಕಾಲ್ಚೆಂಡಿನ ಪಟು. ತಾಯಿಯು ಪೋಲೆಂಡಿನ ರಾಷ್ಟ್ರೀಯ ಹ್ಯಾಂಡ್‌ಬಾಲ್ ತಂಡದಲ್ಲಿ ಆಡಿದವರು. ಮಗನಿಗೆ ಎಂಟು ವರ್ಷವಾಗಿದ್ದಾಗ ಕುಟುಂಬವು ಪಶ್ಚಿಮ ಜರ್ಮನಿಯ ಕೂಸೆಲ್ ಪ್ರಾಂತಕ್ಕೆ ಬಂದು ನೆಲೆಸಿತು. ಹುಡುಗನಿಗೆ ಜರ್ಮನ್ ಭಾಷೆ ಬರುತ್ತಿರಲಿಲ್ಲವೆಂದೇ ಹೇಳಬೇಕು. ದೊಡ್ಡವನಾದ ಮೇಲೆ ಬಡಗಿಯ ಕೆಲಸವನ್ನು ಕಲಿತು, ಇಪ್ಪತ್ತು ವರ್ಷ ತುಂಬುವವರೆಗೂ ಹಳ್ಳಿಯ ತಂಡವೊಂದರಲ್ಲಿ, ಏಳನೆಯ ದರ್ಜೆಯ ಪಂದ್ಯಗಳಲ್ಲಿ ಆಡುತ್ತಿದ್ದನು. ಇಂದಿನ ದಿನಗಳಲ್ಲಿ ಹತ್ತು ವರ್ಷದ ಬಾಲಕರನ್ನೇ ದೊಡ್ಡ ಸಂಸ್ಥೆಗಳು ಹುಡುಕಿ ಕೊಂಡೊಯ್ಯುವುದನ್ನು ನೋಡಿದರೆ, ಈ ಯುವಕನು ಬಡಗಿಯಾಗಿಯೇ ಉಳಿದುಬಿಡುವುದು ಎಷ್ಟು ಸಂಭವನೀಯವಾಗಿತ್ತೆಂಬುದು ಗೊತ್ತಾಗುವುದು.

1999ರಲ್ಲಿ ಕೈಸರ್ಸ್‌ಲೌಟರ್ನ್ ತಂಡವು ಅವರನ್ನು ಸೇರಿಸಿಕೊಂಡಿತು. ಪೋಲೆಂಡಿನವರೂ ತಮ್ಮ ರಾಷ್ಟ್ರದ ಪರವಾಗಿ ಆಡಬೇಕೆಂದು ಕರೆದರು. ಅವರು ಜರ್ಮನಿಯನ್ನು ಆರಿಸಿಕೊಂಡರು. 2001ರ ಮಾರ್ಚಿಯಲ್ಲಿ ಅಲ್ಬೇನಿಯದ ವಿರುದ್ಧ ಮೊದಲ ಬಾರಿಗೆ ಕಣಕ್ಕಿಳಿದು, ಪಂದ್ಯವು ಮುಗಿಯುತ್ತ ಬಂದಾಗ ಗೆಲುವಿನ ಗೋಲನ್ನು ಹೊಡೆದರು. 2002ರ ವಿಶ್ವಕಪ್ಪಿನಲ್ಲಿ ಐದು ಗೋಲು, ಐದನ್ನೂ ತಲೆಯಿಂದಲೇ. 2006ರಲ್ಲಿ ಸ್ವದೇಶದ ಕಣದಲ್ಲಿ ಐದು, 2010ರಲ್ಲಿ ನಾಲ್ಕು, 2014ರಲ್ಲಿ ಎರಡು, ಒಟ್ಟು 16. ಇವುಗಳಲ್ಲಿ ಒಂದೂ ಪೆನಾಲ್ಟಿಯಿಂದ ಬಂದುದಲ್ಲ. ಕೊನೆಯದು ಬ್ರೆಜಿಲಿನ ನೆಲದಲ್ಲಿ, ಜರ್ಮನಿಯು ಬ್ರೆಜಿಲನ್ನು 7-1ರಿಂದ ಸೋಲಿಸಿದ ಪಂದ್ಯದಲ್ಲಿ ಬಂದು, ಬ್ರೆಜಿಲಿನವರೇ ಆದ ರೊನಾಲ್ಡೋ ಅವರ 15 ಗೋಲುಗಳ ದಾಖಲೆಯನ್ನು ಮೀರಿಸಿತು. ಗೋಲು ಹೊಡೆದಾಗ ಲಾಗ ಹಾಕುವುದು ಅವರ ವಾಡಿಕೆ. ಅದೇ ವರ್ಷ ಘಾನಾದ ವಿರುದ್ಧ ಹಾಕಿದ ಲಾಗವು ತಪ್ಪಿ, 36 ವರ್ಷದ ಈ ವೀರರು ನೆಲಕ್ಕೆ ಕುಕ್ಕರಿಸಿದುದನ್ನು ಕಂಡು ಜಗತ್ತು ಪ್ರೀತಿಯಿಂದಲೇ ನಕ್ಕಿತು.

ಕ್ಲೋಸೆಯವರೇ ಜರ್ಮನಿಯ ಅತ್ಯುತ್ತಮ ಗೋಲುಗಾರರೆಂದು ನಾವು ಹೇಳುವುದಿಲ್ಲ. ಅವರು 137 ಪಂದ್ಯಗಳಲ್ಲಿ 71 ಗೋಲು ಹೊಡೆದರು. ಗೆರ್ಡ್ ಮ್ಯೂಲರ್ ಅವರು 62 ಪಂದ್ಯಗಳಲ್ಲಿಯೇ 68 ಹೊಡೆದಿದ್ದರು. ಚಮತ್ಕಾರದಲ್ಲಿ ಮ್ಯೂಲರ್ ಹೆಚ್ಚು. ಆದರೆ ಕ್ಲೋಸೆಯವರು ಗೋಲು ಹೊಡೆದ ಯಾವ ಅಂತರರಾಷ್ಟ್ರೀಯ ಪಂದ್ಯದಲ್ಲಿಯೂ ಜರ್ಮನಿ ಸೋಲಲಿಲ್ಲ.

ನೇಪಲ್ಸಿನದು ಕ್ಷಣಿಕ ಆವೇಶವಾಗಿರಲಿಲ್ಲ. 2005ರಲ್ಲಿ ಬ್ರೆಮೆನ್ ತಂಡದ ಪರವಾಗಿ ಬೀಲೆಫೆಲ್ಡಿನ ವಿರುದ್ಧ ಆಡುತ್ತಿದ್ದಾಗ, ಗೋಲುರಕ್ಷಕನು ತಮ್ಮನ್ನು ಕೆಡವಿದನೆಂದು ಕೊಟ್ಟ ಪೆನಾಲ್ಟಿಯನ್ನು, ಅವನು ತಪ್ಪು ಮಾಡಿಲ್ಲವೆಂದು ತೀರ್ಪುಗಾರನಿಗೆ ಹೇಳಿ ಅವರೇ ಬಿಡಿಸಿದರು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಇವೆರಡೂ ಊರೂರ ತಂಡಗಳ ಪಂದ್ಯಗಳು. ರಾಷ್ಟ್ರದ ಅಂಗಿಯನ್ನು ತೊಟ್ಟಿದ್ದರೆ, ವಿಶ್ವಕಪ್ಪು ಪಣದಲ್ಲಿದ್ದರೆ, ಹೀಗೆ ನುಡಿಯುತ್ತಿದ್ದರೇ ಎಂದು ಕೇಳಬಹುದು. ಆ ಪರೀಕ್ಷೆಯು ಅವರಿಗೆ ಬರಲಿಲ್ಲ. ಆದರೆ ಅವರ ಸಹಚರನಿಗೆ ಬಂದಿತು. 2010ರ ಜೂನ್ 27ರಂದು ಬ್ಲೂಮ್‌ಫಾಂಟೀನಿನಲ್ಲಿ ಇಂಗ್ಲೆಂಡಿನ ಲ್ಯಾಂಪಾರ್ಡ್ ಹೊಡೆದ ಚೆಂಡು ಗೆರೆಯನ್ನು ಸ್ಪಷ್ಟವಾಗಿ ದಾಟಿ ಒಳಗೆ ಬಿದ್ದು ಹೊರಕ್ಕೆ ಪುಟಿಯಿತು. ಜರ್ಮನಿಯ ಗೋಲುರಕ್ಷಕ ನಾಯರ್ ಅದನ್ನೆತ್ತಿ ಏನೂ ಆಗದವನಂತೆ ಆಟವನ್ನು ಮುಂದುವರಿಸಿದನು. ಚೆಂಡು ಗೆರೆ ದಾಟಿದ್ದು ತನಗೆ ತಿಳಿದಿತ್ತೆಂದು ಬಳಿಕ ಹೇಳಿದನು. ಅಂದಿನ ಮೊದಲ ಗೋಲನ್ನು ಹೊಡೆದವರು ಕ್ಲೋಸೆಯವರೇ. ಮೈದಾನದ ಇನ್ನೊಂದು ತುದಿಯಲ್ಲಿದ್ದ ಅವರನ್ನು ಹೊಣೆ ಮಾಡುವುದು ನ್ಯಾಯವಲ್ಲ. 1966ರ ವೆಂಬ್ಲಿಯ ಅಂತಿಮ ಪಂದ್ಯದಲ್ಲಿ ಗೆರೆ ದಾಟಿತೋ ಇಲ್ಲವೋ ಎಂಬ ಗೋಲಿನಿಂದ ನೊಂದಿದ್ದ ಜರ್ಮನರಲ್ಲಿ ಅನೇಕರು ಹಳೆಯ ಸಾಲವು ತೀರಿತೆಂದು ಹಿಗ್ಗಿದರು. 1986ರಲ್ಲಿ ಮ್ಯಾರಡೋನ ಕೈಯಿಂದ ಹೊಡೆದ ಗೋಲನ್ನು ಆತನ ದೇಶವು ದೇವರ ಹೆಸರಿನಲ್ಲಿ ಕೊಂಡಾಡಿತು.

ದೇಶಾಭಿಮಾನವು ಸುಳ್ಳಿಗೆ ರಿಯಾಯಿತಿ ಕೊಡುವುದೆಂಬ ಈ ಭಾವನೆಯನ್ನು ನಾವು ಒಪ್ಪಲಾರೆವು. ಊರಿನ ತಂಡಕ್ಕೆ ನಿಷಿದ್ಧವಾದುದು ರಾಷ್ಟ್ರಕ್ಕೆ ಹೇಗೆ ಭೂಷಣವಾದೀತು? ಅಂಗಿಯ ಮೇಲೆ ಕೋಟ್ಯಂತರ ಜನರ ಹೆಸರಿದ್ದಾಗ ಆಟಗಾರನ ನಾಲಗೆಯ ಮೇಲಣ ಹೊರೆಯು ಹೆಚ್ಚುವುದೇ ಹೊರತು ಇಳಿಯುವುದಿಲ್ಲ. ಎಳೆಯ ಹುಡುಗರು ಆಟವನ್ನು ನೋಡುತ್ತಿರುವರು, ನಾವು ಅವರಿಗೆ ಮಾದರಿಯಾಗಿರುವೆವು ಎಂಬರ್ಥದಲ್ಲಿ ಕ್ಲೋಸೆಯವರು ನೇಪಲ್ಸಿನ ಪಂದ್ಯದ ನಂತರ ಹೇಳಿದರು. ಆ ಹುಡುಗರು ವಿಶ್ವಕಪ್ಪನ್ನೂ ನೋಡುವರಷ್ಟೆ.

ಅವರಿಗೆ ವಿಶ್ವಕಪ್ಪು ದಕ್ಕಿದ ರೀತಿಯೂ ಸ್ವಾರಸ್ಯವಾದುದು. 2014ರ ಜುಲೈ 13ರ ಅಂತಿಮ ಪಂದ್ಯದಲ್ಲಿ 88ನೆಯ ನಿಮಿಷದಲ್ಲಿ ಅವರನ್ನು ಹೊರಕ್ಕೆ ಕರೆದು ಗ್ಯೋಟ್ಸೆ ಎಂಬ ತರುಣನನ್ನು ಒಳಕ್ಕೆ ಕಳುಹಿಸಿದರು. ಅರ್ಜೆಂಟೀನವನ್ನು ಸೋಲಿಸಿದ ಏಕೈಕ ಗೋಲು ಆ ತರುಣನದು. ಕ್ಲೋಸೆಯವರು ಹೊರಗೆ ಕುಳಿತು ನೋಡಿದರು.

ನೇಪಲ್ಸಿನ ಪಂದ್ಯವು ಏನಾಯಿತೆಂದು ವಾಚಕರು ಕೇಳಬಹುದು. ಕವಾನಿ ಎಂಬಾತನು ಮೂರು ಗೋಲು ಹೊಡೆದನು. ಲಾಜಿಯೋ 3-0ರಿಂದ ಸೋತಿತು.