ಕಬ್ಬಿಣ ಕೊರೆಯುವ ಮುನ್ನ ಕಣ್ಣು, ಕೈ ನೆನಪಿರಲಿ

ಮನೆಯಲ್ಲಿ ಡ್ರಿಲ್ ಯಂತ್ರ ಇರುವುದು ಈಗ ಅಪರೂಪವಲ್ಲ. ಗೋಡೆಗೆ ಕ್ಯಾಲೆಂಡರ್ ತೂಗುಹಾಕಲೆಂದು ತಂದ ಯಂತ್ರವನ್ನು ಕೆಲವೇ ದಿನಗಳಲ್ಲಿ ಕಬ್ಬಿಣದ ಆಂಗಲ್, ಗೇಟಿನ ಪಟ್ಟಿ, ಕಿಟಕಿಯ ಸರಳುಗಳ ಮೇಲೂ ಪ್ರಯೋಗಿಸುವ ಉತ್ಸಾಹ ಬರುತ್ತದೆ. ನಿವೃತ್ತರಿಗೂ ಕಾಲೇಜು ಓದುವ ಹುಡುಗರಿಗೂ ಇದು ಒಳ್ಳೆಯ ಹವ್ಯಾಸವೇ. ಆದರೆ ಮರವನ್ನು ಕೊರೆದಂತೆ ಉಕ್ಕನ್ನು ಕೊರೆಯಲಾಗದು. ಬಿಟ್ ಜಾರುತ್ತದೆ, ಕೀರಲು ಸದ್ದು ಮಾಡುತ್ತದೆ, ಹೊಗೆ ಬರುತ್ತದೆ, ಕಡೆಗೆ ಮುರಿಯುತ್ತದೆ. ಹೊಸಬರು ಇವನ್ನು ಕೆಲಸದ ತೊಂದರೆಗಳೆಂದಷ್ಟೇ ತಿಳಿಯುತ್ತಾರೆ. ವೈದ್ಯರ ದೃಷ್ಟಿಯಲ್ಲಿ ಇವು ಗಾಯದ ಮುನ್ಸೂಚನೆಗಳು.

ಬಿಟ್ ಸುಡುವುದೇಕೆ?

ಹೆಚ್ಚಿನವರು ಮಾಡುವ ತಪ್ಪು ಅತಿ ವೇಗ. ಬಿಟ್ ದಪ್ಪವಾದಷ್ಟೂ ವೇಗ ಕಡಿಮೆಯಾಗಬೇಕು. ಸಾಮಾನ್ಯ ಕಬ್ಬಿಣಕ್ಕೆ 6 ಮಿ.ಮೀ. ಬಿಟ್ ನಿಮಿಷಕ್ಕೆ ಸುಮಾರು 1,500 ಸುತ್ತು ತಿರುಗಿದರೆ ಸಾಕು, 10 ಮಿ.ಮೀ. ಬಿಟ್‌ಗೆ 800-900 ಸುತ್ತು ಸಾಕು. ಅದಕ್ಕಿಂತ ವೇಗವಾದರೆ ಬಿಟ್ಟಿನ ಅಂಚು ಬಿಸಿಯಾಗಿ ಹರಿತ ಕಳೆದುಕೊಳ್ಳುತ್ತದೆ. ಮೊಂಡಾದ ಬಿಟ್ ಕೊರೆಯುವುದಿಲ್ಲ, ಉಜ್ಜುತ್ತದೆ. ಆಗ ನಾವು ಮೈಭಾರವನ್ನೆಲ್ಲ ಹಾಕಿ ಒತ್ತುತ್ತೇವೆ. ಬಿಟ್ ಮುರಿಯುವುದೂ, ಯಂತ್ರ ಜಾರಿ ಕೈಗೆ ತಾಗುವುದೂ ಈ ಹೊತ್ತಿನಲ್ಲಿಯೇ.

ತೂತು ಬೀಳಬೇಕಾದ ಜಾಗದಲ್ಲಿ ಸೆಂಟರ್ ಪಂಚ್‌ನಿಂದ ಸಣ್ಣ ಗುಳಿ ಮಾಡಿಕೊಳ್ಳಿ; ಬಿಟ್ ಅತ್ತಿತ್ತ ಓಡುವುದಿಲ್ಲ. ದೊಡ್ಡ ತೂತಾದರೆ ಮೊದಲು ಸಣ್ಣ ಬಿಟ್‌ನಿಂದ ಕೊರೆಯಿರಿ. ನಡುನಡುವೆ ಕಟಿಂಗ್ ಆಯಿಲ್ ಹನಿಸಿ. ಕಬ್ಬಿಣ ಸುರುಳಿ ಸುರುಳಿಯಾಗಿ ಹೊರಬಂದರೆ ಕೆಲಸ ಸರಿಯಾಗಿದೆ ಎಂದರ್ಥ. ಬರೀ ಪುಡಿ ಮತ್ತು ಹೊಗೆ ಬಂದರೆ ನಿಲ್ಲಿಸಿ, ಬಿಟ್ ಬದಲಿಸಿ.

ಕೈಗೆ ಬರುವ ಅಪಾಯ

ತೂತು ಇನ್ನೇನು ಮುಗಿಯಿತು ಎನ್ನುವ ಕ್ಷಣವೇ ಅತ್ಯಂತ ಅಪಾಯದ ಕ್ಷಣ. ಬಿಟ್ ಆಚೆಬದಿಗೆ ತೂರಿಕೊಳ್ಳುವಾಗ ಲೋಹದ ಅಂಚನ್ನು ಕಚ್ಚಿ ಹಿಡಿಯುತ್ತದೆ. ಪಟ್ಟಿಯನ್ನು ಎಡಗೈಯಲ್ಲಿ ಹಿಡಿದಿದ್ದರೆ ಅದು ಫ್ಯಾನಿನ ರೆಕ್ಕೆಯಂತೆ ಗಿರ್ರನೆ ತಿರುಗಿ ಬೆರಳುಗಳನ್ನು ಸೀಳಬಲ್ಲದು. ಆದ್ದರಿಂದ ಎಷ್ಟೇ ಚಿಕ್ಕ ತುಂಡಾದರೂ ವೈಸ್ ಅಥವಾ ಕ್ಲ್ಯಾಂಪ್‌ನಲ್ಲಿ ಬಿಗಿಯಿರಿ. ಕಾಲಿನಿಂದ ಮೆಟ್ಟಿ ಹಿಡಿಯುವುದು, ಮಗನನ್ನು ಕರೆದು ‘ಸ್ವಲ್ಪ ಹಿಡ್ಕೋ’ ಎನ್ನುವುದು ಖಂಡಿತ ಬೇಡ. ಕೊನೆಯಲ್ಲಿ ಒತ್ತಡ ಕಡಿಮೆ ಮಾಡಿ.

ಕೈಚೀಲ ಹಾಕಿಕೊಂಡರೆ ಸುರಕ್ಷಿತ ಎಂಬುದು ಹಲವರ ನಂಬಿಕೆ. ತಿರುಗುವ ಬಿಟ್ಟಿನ ಬಳಿ ಅದು ತಪ್ಪು. ಬಟ್ಟೆಯ ಒಂದು ಎಳೆ ಸಿಕ್ಕಿದರೂ ಸಾಕು, ಬೆರಳನ್ನೇ ಎಳೆದುಕೊಳ್ಳುತ್ತದೆ. ಸೆರಗು, ದುಪಟ್ಟಾ, ಸಡಿಲ ತೋಳಿನ ಅಂಗಿ, ಕತ್ತಿನ ಸರ, ಉಂಗುರ, ಕಟ್ಟದ ಜಡೆ ಇವೆಲ್ಲಕ್ಕೂ ಇದೇ ಮಾತು. ಕಬ್ಬಿಣದ ಸುರುಳಿಗಳು ಬ್ಲೇಡಿನಷ್ಟು ಹರಿತ. ಯಂತ್ರ ನಿಲ್ಲಿಸಿ ಬ್ರಶ್‌ನಿಂದ ಗುಡಿಸಿ. ಕೈಯಿಂದ ಎಳೆಯಬೇಡಿ, ಬಾಯಿಂದ ಊದಬೇಡಿ. ಗಾಯವಾದರೆ ಸೋಪು ನೀರಿನಿಂದ ತೊಳೆದು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ವೈದ್ಯರನ್ನು ಕೇಳಿ. ಬೆರಳು ಮರಗಟ್ಟಿದರೆ ಅಥವಾ ಮಡಿಸಲಾಗದಿದ್ದರೆ ನರ ಇಲ್ಲವೇ ಸ್ನಾಯುರಜ್ಜು ತುಂಡಾಗಿರಬಹುದು. ಬ್ಯಾಂಡೇಜು ಕಟ್ಟಿ ಸುಮ್ಮನಾಗದೆ ಅಂದೇ ಆಸ್ಪತ್ರೆಗೆ ಹೋಗಿ.

ಕಣ್ಣಿಗೆ ಚೂರು ಬಿದ್ದರೆ

ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ದಪ್ಪ ಸುಮಾರು ಅರ್ಧ ಮಿ.ಮೀ. ಮಾತ್ರ. ಬಿಸಿಯಾದ ಕಬ್ಬಿಣದ ಕಣ ಅದರಲ್ಲಿ ಸುಲಭವಾಗಿ ನಾಟಿಕೊಳ್ಳುತ್ತದೆ. ಕಣ್ಣೀರಿನಲ್ಲಿ ನೆನೆದ ಈ ಕಣ ಕೆಲವೇ ಗಂಟೆಗಳಲ್ಲಿ ತುಕ್ಕು ಹಿಡಿದು, ಸುತ್ತಲೂ ಕಂದು ಬಣ್ಣದ ಉಂಗುರ ಮೂಡಿಸುತ್ತದೆ. ‘ಬೆಳಿಗ್ಗೆ ನೋಡೋಣ’ ಎಂದು ಮಲಗುವುದು ಇದಕ್ಕಾಗಿಯೇ ಸಲ್ಲದು.

ಕಣ್ಣು ಉಜ್ಜಬೇಡಿ. ಶುದ್ಧ ನೀರನ್ನು ಹರಿಸಿ ತೊಳೆಯಿರಿ. ಹೋಗದಿದ್ದರೆ ಕಣ್ಣಿನ ವೈದ್ಯರ ಬಳಿಗೆ ಹೋಗಿ. ಬೆಂಕಿಕಡ್ಡಿ, ಸೆರಗಿನ ತುದಿ, ಸೂಜಿ ಇವುಗಳಿಂದ ‘ತೆಗೆದುಕೊಡುವ’ ಪರಿಣತರು ನೆರೆಹೊರೆಯಲ್ಲಿ ಇರುತ್ತಾರೆ, ಅವರಿಗೆ ಕೈಮುಗಿಯಿರಿ. ಎದೆಹಾಲು, ಹರಳೆಣ್ಣೆ ಹಾಕಿದರೆ ಸೋಂಕು ತಗುಲಬಹುದು. ಮನೆಯಲ್ಲಿ ಉಳಿದ ಹಳೆಯ ಸ್ಟೀರಾಯ್ಡ್ ಹನಿಯಂತೂ ಕಾರ್ನಿಯಾದ ಹುಣ್ಣನ್ನು ಉಲ್ಬಣಗೊಳಿಸಬಲ್ಲದು.

ಇದಕ್ಕಿಂತ ಗಂಭೀರವಾದ ಇನ್ನೊಂದು ಬಗೆಯಿದೆ. ಪಂಚ್ ಮೇಲೆ ಸುತ್ತಿಗೆಯಿಂದ ಹೊಡೆದಾಗ ಅಥವಾ ಬಿಟ್ ಸಿಡಿದಾಗ ಹಾರುವ ಚೂರು ಕಣ್ಣಿನ ಒಳಗೇ ಹೊಕ್ಕಬಹುದು. ನೋವು ಅಲ್ಪ, ಗಾಯ ಸೂಜಿಮೊನೆಯಷ್ಟು. ದೃಷ್ಟಿಯೂ ಮೊದಲಿಗೆ ಸರಿಯಾಗಿಯೇ ಇರಬಹುದು. ಒಳಗುಳಿದ ಕಬ್ಬಿಣ ನಿಧಾನವಾಗಿ ಅಕ್ಷಿಪಟಲವನ್ನು ಹಾಳುಮಾಡಿ ಕುರುಡು ತರಬಲ್ಲದು. ಇಂಥ ಅನುಮಾನವಿದ್ದರೆ ತೊಳೆಯಬೇಡಿ, ಒತ್ತಬೇಡಿ, ಹನಿ ಹಾಕಬೇಡಿ. ಕಾಗದದ ಲೋಟವನ್ನು ಕಣ್ಣಿಗೆ ತಾಗದಂತೆ ಮೇಲೆ ಮುಚ್ಚಿ, ತಕ್ಷಣ ಆಸ್ಪತ್ರೆಗೆ ಹೋಗಿ. ಏನು ಮಾಡುತ್ತಿದ್ದಾಗ ಹೀಗಾಯಿತು ಎಂಬುದನ್ನು ಹೇಳಲು ಮರೆಯಬೇಡಿ. ಕಣ್ಣಿನಲ್ಲಿ ಕಬ್ಬಿಣವಿದ್ದಾಗ ಎಂ.ಆರ್.ಐ. ಯಂತ್ರದ ಅಯಸ್ಕಾಂತ ಅದನ್ನು ಅಲುಗಿಸಿ ಹಾನಿ ಮಾಡಬಹುದು. ಹಾಗಾಗಿ ಮುಂದೆಂದಾದರೂ ಆ ಪರೀಕ್ಷೆಗೆ ಹೋದಾಗಲೂ ಈ ಸಂಗತಿ ತಿಳಿಸಬೇಕು.

ನಾವು ಓದಲು ಧರಿಸುವ ಕನ್ನಡಕ ಇದಕ್ಕೆ ರಕ್ಷಣೆಯಲ್ಲ. ಪಕ್ಕದಿಂದಲೂ ಚೂರು ನುಗ್ಗುತ್ತದೆ. ಪಕ್ಕಗಳನ್ನೂ ಮುಚ್ಚುವ ಸುರಕ್ಷಾ ಕನ್ನಡಕವನ್ನೇ ಧರಿಸಿ. ಅದರ ಬೆಲೆ ಒಳ್ಳೆಯ ಬಿಟ್ ಸೆಟ್‌ಗಿಂತ ಹೆಚ್ಚೇನಲ್ಲ. ಪಕ್ಕದಲ್ಲಿ ನಿಂತು ನೋಡುವ ಮಕ್ಕಳಿಗೂ ಒಂದು ಕೊಡಿ, ಇಲ್ಲವೇ ಅವರನ್ನು ದೂರವಿಡಿ. ತಪ್ಪಾಗಿ ಕೊರೆದ ತೂತಿಗೆ ಬದಲು ಇನ್ನೊಂದು ಪಟ್ಟಿ ತರಬಹುದು. ಕಣ್ಣಿಗೆ ಬದಲಿ ಇಲ್ಲ.