ರಾಜ್ಯವೆಚ್ಚದ ಪ್ರತಿವಾದ: ಧರ್ಮವೂ ಅದರ ಮೂಲಧನವೂ

ತರೀಕೆರೆ ತಾಲ್ಲೂಕಿನ ಅಮೃತಾಪುರದ ಅಮೃತೇಶ್ವರ ದೇವಾಲಯವು ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕನಿಂದ 1196ರಲ್ಲಿ ನಿರ್ಮಿತವಾದುದು. ಅಲ್ಲಿಯ ಶಾಸನವು ಜನ್ನನ ರಚನೆಯಾದುದರಿಂದ ಸಾಹಿತ್ಯಾಭ್ಯಾಸಿಗಳಿಗೆ ಆ ಸ್ಥಳವು ಸುಪರಿಚಿತ. ಆ ಕಾಲದ ದಾನಶಾಸನಗಳು ನಡೆಯತಕ್ಕ ಧರ್ಮವನ್ನಷ್ಟೇ ಹೇಳಿ ನಿಲ್ಲವು. ಅದು ನಡೆಯುವುದಕ್ಕಾಗಿ ಬಿಟ್ಟ ಭೂಮಿಯನ್ನೂ ಅದರ ಎಲ್ಲೆಗಳನ್ನೂ ಸಾಮಾನ್ಯವಾಗಿ ನಿರ್ದೇಶಿಸುತ್ತವೆ. ಆದಾಯವಿಲ್ಲದ ಧರ್ಮವು ಬಾಳದೆಂಬ ವಿವೇಕ ಅದರಲ್ಲಿದೆ. ಬಡ ಆಪಾದಿತನಿಗೆ ರಾಜ್ಯವು ಒದಗಿಸಬೇಕಾದ ವಕೀಲನ ವಿಷಯವನ್ನೂ ಇದೇ ದೃಷ್ಟಿಯಿಂದ ಪರಿಶೀಲಿಸಬಹುದು.

ಬ್ರಿಟಿಷ್ ಭಾರತದ 1898ರ ದಂಡಪ್ರಕ್ರಿಯಾ ಸಂಹಿತೆಯ 340ನೆಯ ಕಲಮು ಆಪಾದಿತನಿಗೆ ವಕೀಲನ ಮೂಲಕ ಪ್ರತಿವಾದ ಹೂಡುವ ಹಕ್ಕನ್ನು ಕೊಟ್ಟಿತು. ವಕೀಲನ ಫೀಜನ್ನು ತೆರುವವರಾರೆಂದು ಹೇಳಲಿಲ್ಲ. ಹಣವಿಲ್ಲದವನಿಗೆ ಅದು ಬರಿಯ ಅಕ್ಷರವಾಗಿಯೇ ಉಳಿಯಿತು. 1973ರ ಸಂಹಿತೆಯ 304ನೆಯ ಕಲಮು ಈ ಕೊರತೆಯನ್ನು ಭಾಗಶಃ ನೀಗಿ, ಸೆಷನ್ಸ್ ವಿಚಾರಣೆಯಲ್ಲಿ ಅಂಥವನಿಗೆ ರಾಜ್ಯದ ವೆಚ್ಚದಿಂದ ವಕೀಲನನ್ನು ನೇಮಿಸಬೇಕೆಂದು ವಿಧಿಸಿತು. 1976ರ ತಿದ್ದುಪಡಿಯಿಂದ ಸಂವಿಧಾನಕ್ಕೆ 39ಎ ಅನುಚ್ಛೇದವು ಸೇರಿ, ಉಚಿತ ಕಾನೂನು ನೆರವು ರಾಜ್ಯನೀತಿಯ ತತ್ತ್ವವಾಯಿತು. ಬೊಕ್ಕಸದಲ್ಲಿ ಹಣವಿಲ್ಲವೆಂಬ ನೆವದಿಂದ ಸರ್ಕಾರವು ಈ ಹೊಣೆಯನ್ನು ಜಾರಿಸಿಕೊಳ್ಳಲಾಗದೆಂದು ಸರ್ವೋಚ್ಚ ನ್ಯಾಯಾಲಯವು 1981ರ ಖತ್ರಿ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು.

ಮೂಲಧನದ ಏರ್ಪಾಡು ಬಂದುದು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಿಂದ. ಇದು 1995ರ ನವೆಂಬರ್ 9ರಂದು ಜಾರಿಗೆ ಬಂದಿತು. ಇದರ 15, 16, 17ನೆಯ ಕಲಮುಗಳು ಕ್ರಮವಾಗಿ ರಾಷ್ಟ್ರ, ರಾಜ್ಯ, ಜಿಲ್ಲೆಗಳ ನೆರವಿನ ನಿಧಿಗಳನ್ನು ಸ್ಥಾಪಿಸುತ್ತವೆ. 12ನೆಯ ಕಲಮಿನಂತೆ ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಬಂಧನದಲ್ಲಿರುವವರು ಮೊದಲಾದವರು ನೆರವಿಗೆ ಅರ್ಹರು. ಇತರರಿಗೆ ಆದಾಯದ ಮಿತಿಯುಂಟು. ತಾಲ್ಲೂಕು ಸಮಿತಿಗಳಿಗೂ ಈ ಅಧಿನಿಯಮದಲ್ಲಿ ಅವಕಾಶವಿರುವುದರಿಂದ, ಅಮೃತಾಪುರದಂಥ ಗ್ರಾಮದವನು ನೆರವಿಗಾಗಿ ರಾಜಧಾನಿಗೆ ಅಲೆಯಬೇಕಾಗಿಲ್ಲ.

ಆದರೆ ನಿಧಿಯ ಸ್ಥಾಪನೆಯೊಂದೇ ಸಾಲದು. ಸರ್ಕಾರಿ ಅಭಿಯೋಜಕನ ಬೆನ್ನಿಗೆ ಪೊಲೀಸ್ ತನಿಖೆಯ ಸಕಲ ಸಾಧನಗಳೂ ಇರುತ್ತವೆ. ನೆರವಿನ ಪಟ್ಟಿಯ ವಕೀಲನಾದರೋ ತನ್ನ ಖಾಸಗಿ ವೃತ್ತಿಯ ನಡುವೆ, ಮೊಕದ್ದಮೆಗಿಷ್ಟೆಂಬ ಸಂಭಾವನೆಗೆ ದುಡಿಯತಕ್ಕವನು. ಈ ಅಸಮತೆಯನ್ನು ತಗ್ಗಿಸಲೆಂದು ರಾಷ್ಟ್ರೀಯ ಪ್ರಾಧಿಕಾರವು 2022ರಲ್ಲಿ ರೂಪಿಸಿದ ಯೋಜನೆಯು, ಕ್ರಿಮಿನಲ್ ಮೊಕದ್ದಮೆಗಳಿಗಾಗಿಯೇ ಜಿಲ್ಲೆಗಳಲ್ಲಿ ಪೂರ್ಣಾವಧಿಯ ಪ್ರತಿವಾದಿ ವಕೀಲರನ್ನು ನಿಯಮಿಸುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 341ನೆಯ ಕಲಮು ಹಿಂದಿನ ಸೆಷನ್ಸ್ ಮಿತಿಯನ್ನು ದಾಟಿ, ಇತರ ನ್ಯಾಯಾಲಯಗಳ ವಿಚಾರಣೆಗೂ ಮೇಲ್ಮನವಿಗೂ ಈ ಕರ್ತವ್ಯವನ್ನು ವಿಸ್ತರಿಸಿದೆ.

ಕರ್ತವ್ಯವು ಹಿಗ್ಗಿದಂತೆ ಮೂಲಧನವೂ ಹಿಗ್ಗಬೇಕು. ದತ್ತಿಯ ಭೂಮಿ ಕೈತಪ್ಪಿದರೆ ದೇವಾಲಯದ ದೀಪವು ಆರುತ್ತದೆ. ಈ ನಿಧಿಯು ಬತ್ತಿದರೆ ಆರುವುದು ನಿರಪರಾಧಿಯೊಬ್ಬನ ಬಿಡುಗಡೆಯ ಆಸೆ. ಅದುಕಾರಣ ಇದನ್ನು ದಾನವೆಂದು ಎಣಿಸದೆ, ಶಿಕ್ಷಿಸುವ ಅಧಿಕಾರವುಳ್ಳ ರಾಜ್ಯವು ತೀರಿಸಲೇಬೇಕಾದ ಋಣವೆಂದು ಗಣಿಸುವುದು ಯುಕ್ತ.